ಅಳುವವರು ಎಡಕ್ಕೆ

ಫೆಬ್ರವರಿ ೯

ಪ್ರೀತಿಯ ಕಡ್ಡಿ,

ಫೋನಿನಲ್ಲಿ ಹೇಳಲಾಗದ ಸುದ್ದಿ ಇದೆ, ಅದಕ್ಕೇ ಈ ಕಾಗದ. ಅಮ್ಮನ ಸೊಂಟ ಮುರಿದು ಎರಡು ವರ್ಷವಾಯಿತು. ಕಿವಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ಅಡುಗೆಮನೆಯಲ್ಲಿ ನಾನು ನಿಟ್ಟುಸಿರು ಬಿಟ್ಟರೂ ಹಾಸಿಗೆಯಿಂದ “ಏನೇ ಅದು?” ಎಂದು ಕೇಳುತ್ತಾಳೆ.

ನನಗೆ ಕೆಲಸ ಸಿಕ್ಕಿದೆ. ಬಂದರಿನ ಊರಿನ ದಂತವೈದ್ಯ ಕಾಲೇಜಿನಲ್ಲಿ ಹಲ್ಲಿನ ಸೆಟ್ ಮಾಡುವುದನ್ನು ಹುಡುಗರಿಗೆ ಕಲಿಸುವ ಕೆಲಸ. ಜೂನ್ ಒಂದಕ್ಕೆ ಹಾಜರಾಗಬೇಕು. ನಲವತ್ತೇಳನೆಯ ವಯಸ್ಸಿನಲ್ಲಿ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ. ಇಲ್ಲಿ ನನ್ನ ಪಾಡು ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಅಮ್ಮನ ಕೆಲಸವೆಲ್ಲ ಮುಗಿಸಿ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಓಡುವುದು, ಮೇಣ ಕರಗಿಸಿ ಹಲ್ಲು ಜೋಡಿಸುವುದು, ಕೈಗೆ ಹತ್ತಿದ ಪ್ಲಾಸ್ಟರ್ ಒಣಗುವ ಮೊದಲೇ ಮನೆಗೆ ಓಡುವುದು. ಮೊನ್ನೆ ಡಾಕ್ಟರು, “ನಿಮ್ಮ ಕೈಯಲ್ಲಿ ಇಡೀ ಊರು ನಗುತ್ತೆ ಕಣ್ರೀ” ಎಂದರು. ನಾನು ಗಡಿಯಾರ ನೋಡುತ್ತಿದ್ದೆ.

ಅಣ್ಣ ಒಪ್ಪಿದ್ದಾನೆ, ನಂಬುತ್ತೀಯಾ? ಜೂನ್‌ನಿಂದ ಅಮ್ಮ ಅವನ ಮನೆಯಲ್ಲಿ. “ಆಯ್ತು ಬಿಡು, ನಾನೂ ಅವಳ ಮಗನೇ ತಾನೆ” ಅಂದ. ಅಮ್ಮನಿಗೆ ಕೊಡುವ ಕೋಣೆಗೆ ಕಿಟಕಿ ಇಲ್ಲ. ಟಿ.ವಿ. ಹಾಲ್‌ನಲ್ಲಿದೆ, ಅದೂ ಅವರ ಹುಡುಗನ ಪರೀಕ್ಷೆ ಎಂದು ಬಾಯಿ ಮುಚ್ಚಿಕೊಂಡು ಕೂತಿದೆ. ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ಎರಡು ವರ್ಷದಿಂದ ಅವಳಿಗಿರುವುದು ಎರಡೇ ಬೆಳಕು, ಒಂದು ಆ ಕಿಟಕಿ, ಇನ್ನೊಂದು ಆ ಟಿ.ವಿ.

ಸದ್ಯಕ್ಕೆ ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ. ಸಿನಿಮಾ ಪ್ರಶಸ್ತಿ ಸಮಾರಂಭದ ಸಭಾಂಗಣದಲ್ಲಿ ನೀನೂ ಕೂತಿರುತ್ತೀ ಎಂದು ಬೀದಿಗೆಲ್ಲ ಸಾರಿದ್ದಾಳೆ. ನೀನು ಉಡುಪು ವಿಭಾಗದಲ್ಲಿ ಇಸ್ತ್ರಿ ಮಾಡುವವಳು, ಖಾಲಿ ಕುರ್ಚಿ ತುಂಬಲು ಕರೆದಿದ್ದಾರೆ ಅಷ್ಟೆ ಎಂದು ಹೇಳಿ ನೋಡಿದೆ. “ಕುರ್ಚಿ ಕುರ್ಚಿನೇ ಕಣೆ” ಅಂದಳು.

ನಿನ್ನ,
ಅಕ್ಕ

---

ಫೆಬ್ರವರಿ ೨೪

ಕಡ್ಡಿ,

ನಿನ್ನನ್ನು ನೋಡಿದೆವು! ಬರೆಯದೆ ಇರಲಾಗಲಿಲ್ಲ.

ಸಂಜೆಗೇ ಮನೆ ತುಂಬಿತ್ತು. ಮೇಲ್ಮನೆಯ ಟೀಚರ್ ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದರು, ನಿವೃತ್ತಿಯಾದ ಮೇಲೂ ಕುರ್ಚಿಯ ಮೇಲೆ ಬೇರೆಯವರು ಕೂರುವುದು ಅವರಿಗಾಗದು. ಔಷಧಿ ಅಂಗಡಿಯವರು ಹೆಂಡತಿಯ ಜೊತೆ ಬಂದರು. ಅಮ್ಮ ತಲೆ ಬಾಚಿಸಿಕೊಂಡು, ಹಲ್ಲು ಹಾಕಿಸಿಕೊಂಡು ದಿಂಬಿಗೆ ಒರಗಿದ್ದಳು. ನೀನು ಪರದೆಯ ಆಚೆಯಿಂದ ಅವಳನ್ನು ನೋಡುತ್ತೀ ಎಂಬಂತೆ.

ಪ್ರತಿ ಪ್ರಶಸ್ತಿಗೂ ಇಲ್ಲಿ ಒಂದು ಪಂಚಾಯಿತಿ. “ಇವನಿಗೆ ಯಾತಕ್ಕೆ ಕೊಟ್ರು? ಇಡೀ ಸಿನಿಮಾದಲ್ಲಿ ಓಡಿದ್ದು ಬಿಟ್ರೆ ಏನ್ ಮಾಡಿದಾನೆ?” ಎಂದು ಔಷಧಿ ಅಂಗಡಿಯವರು.

“ಓಡೋದು ಸುಲಭನಾ? ನೀವು ಬಸ್ಸಿಗೆ ಓಡಿ ನೋಡಿ” ಎಂದು ಅವರ ಹೆಂಡತಿ.

“ಸುಮ್ನಿರ್ರಪ್ಪ, ಈ ಮಾತಿನ ಮಧ್ಯೆ ನಮ್ಮ ಕಡ್ಡಿ ಬಂದು ಹೋದ್ರೆ ಮತ್ತೆ ಯಾರು ತೋರಿಸ್ತಾರೆ?” ಎಂದು ಅಮ್ಮ.

ನಾನು ಹಲ್ಲು ನೋಡುತ್ತಿದ್ದೆ. ಚಟ, ಏನು ಮಾಡಲಿ. ಪೋಷಕ ನಟನ ಮೇಲಿನ ಸಾಲು ಇಡೀ ಹೊಸದು. ಆ ವಯಸ್ಸಿಗೆ ಅಷ್ಟು ಬಿಳಿ ಕೊಡಬಾರದಿತ್ತು; ನಕ್ಕರೆ ಹಲ್ಲು ಮಾತ್ರ ನಗುತ್ತಿತ್ತು.

ಕೊನೆಗೆ ಉತ್ತಮ ನಟಿ. ಮಲಗಿದ ತಾಯಿಗಾಗಿ ಎಲ್ಲ ಬಿಟ್ಟುಕೊಟ್ಟ ಮಗಳ ಸಿನಿಮಾ ಅದು, ಕಳೆದ ವರ್ಷ ಇಲ್ಲಿ ಎಲ್ಲರೂ ಎರಡೆರಡು ಸಲ ನೋಡಿ ಅತ್ತಿದ್ದರು. ಅವಳು ವೇದಿಕೆಗೆ ಬಂದು ಪ್ರಶಸ್ತಿ ತೆಗೆದುಕೊಂಡಳು. ಆಮೇಲೆ ಹೇಳಿದಳು: “ಈ ಪ್ರಶಸ್ತಿ ನನ್ನದಲ್ಲ. ನಾಲ್ಕು ಗೋಡೆಯ ಮಧ್ಯೆ, ಅಮ್ಮನ ಹಾಸಿಗೆಯ ಪಕ್ಕದಲ್ಲಿ ಬದುಕು ಸವೆಸುತ್ತಿರುವ ಪ್ರತಿಯೊಬ್ಬ ಮಗಳದ್ದು. ನೀವು ಹೀಗೇ ಇರಿ. ನಿಮ್ಮಿಂದಲೇ ಪ್ರಪಂಚ ನಡೀತಿದೆ.”

ಕೋಣೆಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ನಾನು ಅಮ್ಮನ ಹಲ್ಲಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಔಷಧಿ ಅಂಗಡಿಯವರ ಹೆಂಡತಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು, ಬಟ್ಟಲಿನ ಸಮೇತ. ಅಷ್ಟರಲ್ಲಿ ಅಮ್ಮ ಕೂಗಿದಳು: “ಕಡ್ಡಿ! ಅಗೋ ನಮ್ಮ ಕಡ್ಡಿ!”

ಪರದೆಯ ತುಂಬ ನಿನ್ನ ಮುಖ. ಕಣ್ಣೀರು ಗದ್ದದವರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ ನೀನು. “ಅಕ್ಕನ್ನ ನೆನೆಸ್ಕೊಂಡು ಅಳ್ತಿದೆ ಮಗು” ಎಂದರು ಟೀಚರ್. ಆಮೇಲೆ ಇಲ್ಲಿ ಒಣ ಕಣ್ಣೇ ಉಳಿಯಲಿಲ್ಲ. ಅಣ್ಣ ಫೋನ್ ಮಾಡಿದ, ಅವನೂ ಬಿಕ್ಕುತ್ತಿದ್ದ.

ಸುಳ್ಳು ಯಾಕೆ ಹೇಳಲಿ, ಬಟ್ಟಲು ಕೆಳಗಿಟ್ಟು ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಪ್ಪ ಸತ್ತಾಗಲೂ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡವಳು ನೀನು. ನಿಜ ಹೇಳು, ನನ್ನನ್ನೇ ನೆನೆಸಿಕೊಂಡೆಯಾ?

ಅಕ್ಕ

---

ಮಾರ್ಚ್ ೬

ಅಕ್ಕಾ,

ನಿಜ ಹೇಳು ಅಂದೆಯಲ್ಲ, ಹೇಳಿಬಿಡುತ್ತೇನೆ. ಮೂರು ಸಲ ಬರೆದು ಹರಿದೆ. ನೀನು ಸಂತೋಷಪಟ್ಟಿದ್ದೀ ಅನ್ನುವುದು ಕಾಗದದ ಒಂದೊಂದು ಸಾಲಿನಲ್ಲೂ ಕಾಣುತ್ತಿತ್ತು.

ಆ ಅಳು ಬೆಳಿಗ್ಗೆಯೇ ಕ್ಯಾಮೆರಾದಲ್ಲಿ ತೆಗೆದದ್ದು. ಸಮಾರಂಭ ಶುರುವಾಗಲು ಇಡೀ ದಿನ ಬಾಕಿ ಇತ್ತು, ವೇದಿಕೆಯ ಮೇಲೆ ಬಡಗಿಗಳು ಮೊಳೆ ಹೊಡೆಯುತ್ತಿದ್ದರು. ನಮ್ಮನ್ನು ಮುಂದಿನ ಸಾಲುಗಳಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಕೂಗುತ್ತಿದ್ದ. ಮೊದಲು ಚಪ್ಪಾಳೆ. ಆಮೇಲೆ ನಗು, ಸಣ್ಣ ನಗು, ದೊಡ್ಡ ನಗು. ಆಮೇಲೆ ಅವನು, “ಅಳುವವರು ಎಡಕ್ಕೆ ಬನ್ನಿ, ಬೇಗ ಬೇಗ, ಊಟದೊಳಗೆ ಮುಗಿಸೋಣ!” ಅಂದ. ಹೀಗೆ ತೆಗೆದಿಟ್ಟುಕೊಂಡು, ಎಲ್ಲಿ ಬೇಕೋ ಅಲ್ಲಿ ಅಂಟಿಸುತ್ತಾರೆ. ಎಡಕ್ಕೆ ಹೋದವರಿಗೆ ಊಟ ಮೊದಲು ಅನ್ನುತ್ತಿದ್ದರು, ಅದಕ್ಕೇ ಹೋದೆ. ಪಕ್ಕದ ಹುಡುಗಿ ತಲೆನೋವಿನ ಮುಲಾಮು ಕೊಟ್ಟಳು, ರೆಪ್ಪೆಯ ಕೆಳಗೆ ಹಚ್ಚಿಕೊಂಡೆ. ನಾನು ಯಾರನ್ನೂ ನೆನೆಯಲಿಲ್ಲ ಅಕ್ಕ. ಉರಿ ತಡೆಯಲಾಗುತ್ತಿರಲಿಲ್ಲ.

ಆ ನಟಿ ವೇದಿಕೆಯಲ್ಲಿ ಆ ಮಾತು ಹೇಳುವಾಗ ನಾನು ಸಭಾಂಗಣದಲ್ಲೇ ಇರಲಿಲ್ಲ. ನೆಲಮಾಳಿಗೆಯಲ್ಲಿ ಮುಂದಿನ ನೃತ್ಯದ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದೆ. ಆದರೆ ಆ ಮಾತು ನನಗೆ ಬಾಯಿಪಾಠ. ಮಧ್ಯಾಹ್ನ ಅವಳ ಉಡುಪಿನ ಅಂಚು ಹೊಲಿಯುತ್ತ ಕಾಲ ಬಳಿ ಕೂತಿದ್ದಾಗ ಕನ್ನಡಿಗೆ ಹೇಳಿಕೊಳ್ಳುತ್ತಿದ್ದಳು. “ಹೀಗೇ ಇರಿ” ಅನ್ನುವಾಗ ಕೈಯನ್ನು ಎದೆಗೆ ತರಬೇಕೋ ಬೇಡವೋ ಎಂದು ಕೇಶವಿನ್ಯಾಸದವಳನ್ನು ಕೇಳಿದಳು. ಕೆಟ್ಟವಳಲ್ಲ ಪಾಪ. ನನಗೂ ಒಂದು ಕಪ್ ಕಾಫಿ ತರಿಸಿದಳು.

ಇನ್ನೊಂದು ಮಾತು. ಅಣ್ಣ ನನಗೂ ಫೋನ್ ಮಾಡಿದ್ದ. “ನಮ್ಮಕ್ಕ... ಅಲ್ಲ, ನಿಮ್ಮಕ್ಕ ಮನುಷ್ಯಳಲ್ಲ ಕಣೆ, ದೇವತೆ” ಅಂದ. ಸ್ವಂತ ತಂಗಿಯನ್ನೇ ಅಕ್ಕ ಅನ್ನುವಷ್ಟು ಭಕ್ತಿ ಬಂದಿದೆ ಅವನಿಗೆ. ದೇವತೆಯನ್ನು ಯಾರೂ ಗುಡಿಯಿಂದ ಆಚೆ ಬಿಡುವುದಿಲ್ಲ. ಹುಷಾರು.

ನಾನೇ ಬಂದು ನೋಡಿಕೊಳ್ಳಬೇಕು, ಗೊತ್ತು. ಇಲ್ಲಿ ಒಂದು ವಾರ ರಜೆ ಹಾಕಿದರೆ ಇಸ್ತ್ರಿಪೆಟ್ಟಿಗೆ ಬೇರೆಯವರ ಕೈಗೆ ಹೋಗುತ್ತದೆ. ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದೇವೆ, ಅಮ್ಮನನ್ನು ಎಲ್ಲಿ ಮಲಗಿಸಲಿ?

ನಿನ್ನ,
ಕಡ್ಡಿ

---

ಏಪ್ರಿಲ್ ೨

ಕಡ್ಡಿ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಆಮೇಲೆ ನಗು ಬಂತು. ಅದಕ್ಕೇ ಇಷ್ಟು ದಿನ ಉತ್ತರ ಬರೆಯಲಿಲ್ಲ. ಮುಲಾಮು ಕಣ್ಣಿಗೆ ಹಚ್ಚಬೇಡ, ಪೆದ್ದಿ.

ನೀನು ಹೇಳಿದಂತೆಯೇ ಆಯಿತು. ಅಣ್ಣ ಅತ್ತಿಗೆ ಭಾನುವಾರ ಬಂದಿದ್ದರು, ಒಂದು ಬುಟ್ಟಿ ಹಣ್ಣು ತೆಗೆದುಕೊಂಡು. ಅಮ್ಮ ಕಣ್ಣು ಮುಚ್ಚಿದ ಮೇಲೆ ನಾನು ಅಡುಗೆಮನೆಗೆ ಕರೆದು ಮೆಲ್ಲಗೆ ಜೂನ್ ತಿಂಗಳ ಮಾತು ಎತ್ತಿದೆ.

“ನೀನು ಮಾಡಿದ ಹಾಗೆ ನಾವು ಮಾಡೋಕಾಗುತ್ತಾ ಹೇಳು?” ಎಂದ ಅಣ್ಣ. ಕಣ್ಣಲ್ಲಿ ನೀರು. ನಿಜವಾದದ್ದೇ, ಅಣ್ಣನಿಗೆ ಮುಲಾಮು ಬೇಕಿಲ್ಲ.

“ನಾನು ಕಲಿಸಿಕೊಡ್ತೀನಣ್ಣ. ಬೆನ್ನು ಹೊರಳಿಸೋದು, ಹಲ್ಲು ತೊಳೆಯೋದು, ಅಷ್ಟೇ.”

“ಅದು ಕಲಿಸಿದ್ರೆ ಬರೋದಲ್ಲ ಕಣಮ್ಮ, ಹುಟ್ಟಿನಿಂದ ಬರಬೇಕು.”

ಅತ್ತಿಗೆ ನನ್ನ ಭುಜದ ಮೇಲೆ ಕೈಯಿಟ್ಟಳು. “ನಾವು ನೋಡ್ಕೊಂಡ್ರೆ ಬರೀ ನೋಡ್ಕೊಂಡ ಹಾಗೆ. ನೀವು ನೋಡ್ಕೊಂಡ್ರೆ ಅದು ಸೇವೆ. ಆ ಪುಣ್ಯನ ನಿಮ್ಮ ಕೈಯಿಂದ ಕಿತ್ಕೊಳ್ಳೋಕೆ ನಮಗೆ ಮನಸ್ಸು ಬರಲ್ಲ.”

ಬೈದಿದ್ದರೆ ನಾನೂ ಬೈಯಬಹುದಿತ್ತು. ಹೊಗಳಿಕೆಗೆ ಏನೆಂದು ಉತ್ತರ ಕೊಡುವುದು? ಔಷಧಿ ಅಂಗಡಿಗೆ ಹೋದರೆ ಜನ ಸರಿದು ದಾರಿ ಬಿಡುತ್ತಾರೆ. ಮಾತ್ರೆ ತೆಗೆದುಕೊಂಡು ಸ್ವಲ್ಪ ಹೊತ್ತು ಬೀದಿಯ ಕೊನೆಯವರೆಗೆ ನಡೆದು ಬರೋಣವೆಂದರೆ, “ಅಮ್ಮ ಒಬ್ಬರೇ ಇದ್ದಾರಾ?” ಎಂದು ಅಕ್ಕರೆಯಿಂದ ಕೇಳಿ ವಾಪಸ್ಸು ಕಳಿಸುತ್ತಾರೆ. ಮೊದಲು ಬಾಗಿಲಿಗೆ ಅಗುಳಿ ಒಳಗಿನಿಂದ ಇತ್ತು, ನಾನೇ ಹಾಕಿಕೊಂಡಿದ್ದೆ. ಈಗ ಹೊರಗಿನಿಂದಲೂ ಒಂದು ಬಿದ್ದಿದೆ.

ಆದರೆ ನನಗೊಂದು ಉಪಾಯ ಹೊಳೆದಿದೆ. ಮೇಲ್ಮನೆಯ ಟೀಚರ್ ಇಲ್ಲಿನ ಸ್ಥಳೀಯ ವಾಹಿನಿಗೆ ಬರೆದಿದ್ದರಂತೆ. ‘ನಮ್ಮ ಬೀದಿಯ ಮಗಳು’ ಎಂದು ನನ್ನ ಮೇಲೆ ಕಾರ್ಯಕ್ರಮ ಮಾಡುತ್ತಾರಂತೆ. ಬೇಡವೆನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕ್ಯಾಮೆರಾದ ಮುಂದೆಯೇ ಹೇಳಿಬಿಡುತ್ತೇನೆ, ಕೆಲಸ ಸಿಕ್ಕಿದೆ, ಅಣ್ಣ ಮಾತು ಕೊಟ್ಟಿದ್ದಾನೆ ಎಂದು. ಊರೆಲ್ಲ ಕೇಳಿದ ಮೇಲೆ ಅವನು ಹೇಗೆ ನುಣುಚಿಕೊಳ್ಳುತ್ತಾನೆ ನೋಡೋಣ.

ಅಕ್ಕ

---

ಏಪ್ರಿಲ್ ೮

ಅಕ್ಕಾ,

ಬೇಡ. ದಯವಿಟ್ಟು ಬೇಡ. ಅವರು ಬಂದರೆ ಹಲ್ಲುನೋವು ಎಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತುಬಿಡು. ಹೇಳಲೇಬೇಕೆಂದರೆ ಒಂದೇ ವಾಕ್ಯ ಹೇಳು, ಕತ್ತರಿ ಆಡಿಸಲು ಜಾಗವಿಲ್ಲದಷ್ಟು ಚಿಕ್ಕದು. “ಜೂನ್ ಒಂದಕ್ಕೆ ನಾನು ಹೋಗ್ತೀನಿ.” ಅಷ್ಟೇ. ಹಿಂದೆ ಏನೂ ಹೇಳಬೇಡ, ಮುಂದೆ ಏನೂ ಹೇಳಬೇಡ.

ಅವಸರದಲ್ಲಿ,
ಕಡ್ಡಿ

---

ಏಪ್ರಿಲ್ ೨೦

ಕಡ್ಡಿ,

ನಿನ್ನ ಕಾಗದ ತಲುಪುವ ಹಿಂದಿನ ದಿನವೇ ಅವರು ಬಂದು ಹೋಗಿದ್ದರು.

ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹುಡುಗಿ ಬಲು ಮುದ್ದಾಗಿದ್ದಳು, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಅದನ್ನು ಯಾರ ಮಾತು ಕೇಳಿಯೂ ತುಂಬಿಸಿಕೊಳ್ಳಬೇಡ ಅಂದೆ. ಕಿಟಕಿಯಿಂದ ಬೆಳಕು ಜಾಸ್ತಿ ಬರುತ್ತದೆ ಎಂದು ಅದಕ್ಕೆ ಕಪ್ಪು ಬಟ್ಟೆ ಕಟ್ಟಿದರು. ಅಮ್ಮ, “ಯಾಕಪ್ಪ, ಸಂಜೆಯಾಯ್ತಾ?” ಎಂದಳು.

ನಾನು ಅಮ್ಮನಿಗೆ ಗಂಜಿ ತಿನ್ನಿಸುವುದನ್ನು ತೆಗೆಯಬೇಕಂತೆ. ಅಮ್ಮ ತಾನೇ ತಿನ್ನುತ್ತಾಳೆ, ಕೈಗೇನಾಗಿದೆ ಅವಳಿಗೆ! ಆದರೂ ತಿನ್ನಿಸಿದೆ. “ಇನ್ನೊಂದ್ಸಲ ಮಾಡೋಣ ಆಂಟಿ, ಸ್ವಲ್ಪ ನಿಧಾನಕ್ಕೆ.” ಇನ್ನೊಂದು ಚಮಚ. “ಈಗ ಅಮ್ಮನ ಮುಖ ನೋಡ್ತಾ.” ಇನ್ನೊಂದು. ನಾಲ್ಕನೆಯದಕ್ಕೋ ಐದನೆಯದಕ್ಕೋ ಅಮ್ಮ ಹಲ್ಲಿನ ಸೆಟ್ಟನ್ನೇ ಬಾಯಿಂದ ತೆಗೆದು ಪಕ್ಕದ ನೀರಿನ ಬಟ್ಟಲಿಗೆ ಹಾಕಿಬಿಟ್ಟಳು. ನೀರು ಚಿಮ್ಮಿತು. “ಶಬ್ದ ಬಂತು!” ಎಂದು ಹುಡುಗ ಚೀರಿದ. “ಹೊಟ್ಟೆ ತುಂಬಿತು ಅಂತ ಶಬ್ದ ಅದು” ಎಂದಳು ಅಮ್ಮ, ಬೊಚ್ಚುಬಾಯಲ್ಲಿ. ಅವರಿಗೆ ಅರ್ಥವಾಗಲಿಲ್ಲ, ಒಳ್ಳೆಯದಾಯಿತು.

ಆಮೇಲೆ ಹುಡುಗಿ ಕೇಳಿದಳು, ಎರಡು ವರ್ಷ ಹೇಗೆ ಕಳೆದಿರಿ ಎಂದು. ಅಭ್ಯಾಸ ಮಾಡಿಕೊಂಡಿದ್ದೆ, ತಡವರಿಸದೆ ಹೇಳಿದೆ: “ಅಮ್ಮ ಬಿದ್ದ ಮೇಲೆ ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅಮ್ಮನ್ನ ಕಂಡ್ರೆ ನನಗೆ ಜೀವ. ಆದ್ರೆ ಈಗ ಹೋಗಬೇಕು. ಸಮುದ್ರದ ಊರಲ್ಲಿ ಕೆಲಸ ಸಿಕ್ಕಿದೆ. ಜೂನ್ ಒಂದರಿಂದ ಅಮ್ಮ ನಮ್ಮಣ್ಣನ ಮನೇಲಿರ್ತಾರೆ, ಅವನು ಮಾತು ಕೊಟ್ಟಿದ್ದಾನೆ.”

ಹುಡುಗಿ ಕ್ಯಾಮೆರಾದವನ ಮುಖ ನೋಡಿದಳು. “ತುಂಬಾ ಚೆನ್ನಾಗಿ ಹೇಳಿದ್ರಿ ಆಂಟಿ” ಎಂದಳು.

ಆಮೇಲೆ ನನಗೆ ನೆನಪಾಯಿತು, ಅಮ್ಮ ಅಲ್ಲೇ ಇದ್ದಾಳೆ ಎಂದು. ನಾನು ಹೇಳಬೇಕೆಂದುಕೊಂಡದ್ದು ಅಣ್ಣನಿಗೆ, ಊರಿಗೆ. ಮೊದಲು ಕೇಳಿಸಿಕೊಂಡವಳು ಅವಳು. ಕಪ್ಪು ಬಟ್ಟೆ ಕಟ್ಟಿದ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಅವತ್ತಿನಿಂದ ಒಂದು ಮಾತೂ ಆ ಬಗ್ಗೆ ಎತ್ತಿಲ್ಲ. ಗಂಜಿ ಕೇಳುತ್ತಾಳೆ, ನೀರು ಕೇಳುತ್ತಾಳೆ. ಆದರೆ ನಾನು ನಿಟ್ಟುಸಿರು ಬಿಟ್ಟರೆ ಏನೆಂದು ಕೇಳುವುದಿಲ್ಲ.

ಅಕ್ಕ

---

ಮೇ ೧೧

ಕಡ್ಡಿ,

ನಿನ್ನೆ ಪ್ರಸಾರವಾಯಿತು. ಮತ್ತೆ ಅದೇ ಜನ, ಅದೇ ಕುರ್ಚಿಗಳು. ಅಣ್ಣ ಅತ್ತಿಗೆಯೂ ಬಂದಿದ್ದರು.

ಸಂಗೀತ ಶುರುವಾಯಿತು, ಪಿಟೀಲು. ಚಮಚ ನಿಧಾನವಾಗಿ ಅಮ್ಮನ ಬಾಯಿಗೆ ಹೋಯಿತು. ಆಮೇಲೆ ನಾನು. “ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅಮ್ಮನ್ನ ಕಂಡ್ರೆ ನನಗೆ ಜೀವ.” ಅಲ್ಲಿಗೆ ಮುಗಿಯಿತು. ಅಮ್ಮನ ಸುಕ್ಕುಗಟ್ಟಿದ ಕೈ ಕಾಣಿಸಿತು, ಪ್ರಶಸ್ತಿ ಹಿಡಿದ ಆ ನಟಿಯ ಮುಖ ಕಾಣಿಸಿತು, “ನೀವು ಹೀಗೇ ಇರಿ” ಎಂದಳು, ಜಾಹೀರಾತು ಬಂತು.

ನನಗೆ ಅಳು ನುಗ್ಗಿ ಬಂತು. ತಡೆಯಲು ಆಗಲೇ ಇಲ್ಲ. “ಆನಂದ ಕಣ್ರೀ, ಪಾಪ, ಎಷ್ಟು ದಿನದಿಂದ ಕಟ್ಟಿಕೊಂಡಿತ್ತೋ” ಎಂದು ಟೀಚರ್ ನನ್ನ ತಲೆ ಸವರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಿದ. ನಾನು ಯಾವುದೋ ಎಡ ಸಾಲಿನಲ್ಲಿ ಕೂತಿದ್ದೇನೆ ಅನ್ನಿಸಿತು.

ಇವತ್ತು ಬೆಳಿಗ್ಗೆ ಅಮ್ಮನ ಬೆನ್ನು ಒರೆಸುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಅವಳು ಹೇಳಿದಳು:

“ಅವತ್ತು ನೀನು ಅಷ್ಟೇ ಹೇಳಿರಲಿಲ್ಲ.”

ನಾನು ಬಟ್ಟೆಯನ್ನು ನೀರಿಗದ್ದಿ ಹಿಂಡಿದೆ.

“ಇನ್ನೂ ಹೇಳಿದ್ದೆ. ಕೆಲಸ ಅಂದೆ. ಸಮುದ್ರದ ಊರು ಅಂದೆ. ಅದನ್ನ ಯಾಕೆ ಹಾಕಲಿಲ್ಲ ಅವರು?”

“ಗೊತ್ತಿಲ್ಲಮ್ಮ.”

“ಟಿ.ವಿ.ಯೋರಿಗೆ ಹೇಳಿದೆ. ನನಗೆ ಹೇಳಲಿಲ್ಲ.”

ಒರೆಸಿದಲ್ಲೇ ಒರೆಸುತ್ತಿದ್ದೆ.

“ನಾನು ಇಷ್ಟು ದಿನ ಕಾದೆ” ಎಂದಳು, “ಟಿ.ವಿ.ಲಿ ಬಂದಾಗ ಎಲ್ಲರಿಗೂ ಗೊತ್ತಾಗುತ್ತಲ್ಲ, ಆಮೇಲೆ ನಾನು ಬಾಯಿ ಬಿಡೋ ಅಗತ್ಯ ಇರಲ್ಲ ಅಂತ. ಹೋಗು ಅಂತ ನನ್ನ ಬಾಯಲ್ಲಿ ಬರ್ತಿರಲಿಲ್ಲ ಕಣೆ.” ಆಮೇಲೆ, “ಅವನ ಮನೇಲಿ ಕಿಟಕಿ ಇಲ್ಲದ ಆ ರೂಮು ತಾನೆ?”

“ಹೂಂ.”

“ಸರಿ ಬಿಡು. ಇಲ್ಲಿಂದ ಕಾಣೋದಾದ್ರೂ ಏನು, ಆ ನೀರಿನ ಟ್ಯಾಂಕು. ಅಣ್ಣನಿಗೆ ಫೋನ್ ಮಾಡು.”

ನಾನು ಎದ್ದೆ.

“ಮೊದಲು ಹಲ್ಲು ತೊಳೆದು ಕೊಡು. ಬೊಚ್ಚುಬಾಯಲ್ಲಿ ಹೇಳಿದ್ರೆ ಅವನು ಕೇಳಿಸಲಿಲ್ಲ ಅಂತಾನೆ.”

ಕಡ್ಡಿ, ಆ ಸೆಟ್ಟು ನಾನೇ ಮಾಡಿದ್ದು. ಯಾರಿಗೆ ಹೊಸ ಹಲ್ಲು ಕೂರಿಸಿದರೂ ನಾವು ಮೊದಲು ‘ಸುಸೂತ್ರ’ ಅನ್ನಿ ಎಂದು ಹೇಳಿಸುತ್ತೇವೆ. ಮುಂದಿನ ಹಲ್ಲು ಸ್ವಲ್ಪ ತಪ್ಪಿದರೂ ಗಾಳಿ ಸೋರಿ ಸಿಳ್ಳೆಯಾಗುತ್ತದೆ. ಅಮ್ಮನದು ಆಗ ಸಿಳ್ಳೆ ಹೊಡೆಯುತ್ತಿತ್ತು. ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಸರಿ ಮಾಡಿದ್ದೆ. ಈಗ ಅಡುಗೆಮನೆಯಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಅವಳು ಅಣ್ಣನ ಹತ್ತಿರ ಮಾತಾಡುತ್ತಿದ್ದಾಳೆ. ಒಂದಕ್ಷರವೂ ಸೋರುತ್ತಿಲ್ಲ.

ಅಕ್ಕ

---

ಜೂನ್ ೨೮

ಪ್ರೀತಿಯ ಕಡ್ಡಿ,

ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ಬರೆದಿದ್ದೇನೆ. ಇಲ್ಲಿ ಕಾರ್ಯಾಗಾರದಿಂದ ಸಮುದ್ರ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ಹುಡುಗರು ಮೇಣವನ್ನು ಸುಟ್ಟು ಹಾಕುತ್ತಾರೆ, ಹಲ್ಲನ್ನು ತಲೆಕೆಳಗಾಗಿ ಕೂರಿಸಿ ನಗುತ್ತಾರೆ. ನಾನು ಬೈಯುತ್ತೇನೆ. ಬೈದು ಎಷ್ಟು ವರ್ಷವಾಗಿತ್ತು!

ಕೆಲಸ ಮುಗಿದ ಮೇಲೆ ಸಮುದ್ರದವರೆಗೆ ನಡೆದು ಹೋಗಬಹುದು. ಹೋಗಿಲ್ಲ. ನಾನು ಒಂದು ಸಣ್ಣ ಟಿ.ವಿ. ಕೊಂಡಿದ್ದೇನೆ, ನಾನು! ಅಣ್ಣನ ಮನೆಯಲ್ಲಿ ಅಮ್ಮನಿಗೆ ಟಿ.ವಿ. ಇಲ್ಲ, ಹುಡುಗನ ಪರೀಕ್ಷೆ ಮುಗಿಯಿತು, ಈಗ ಮುಂದಿನ ಪರೀಕ್ಷೆಯಂತೆ. ಹಾಗಾಗಿ ದಿನಾ ಸಂಜೆ ಅವಳು ಫೋನ್ ಮಾಡುತ್ತಾಳೆ, ನಾನು ಪರದೆಯ ಮುಂದೆ ಕೂತು ಬರುವುದನ್ನೆಲ್ಲ ಹೇಳುತ್ತಾ ಹೋಗುತ್ತೇನೆ. ಯಾರು ಬಂದರು, ಏನು ಉಟ್ಟಿದ್ದಾರೆ, ಯಾರ ಹಲ್ಲು ಸ್ವಂತದ್ದು. ಅವಳ ಮಾತು ಬೊಚ್ಚುಬಾಯಿಯ ಮಾತು. ಕಳೆದುಹೋದೀತು ಎಂದು ಅತ್ತಿಗೆ ಸೆಟ್ಟನ್ನು ಬೀರುವಿನಲ್ಲಿಟ್ಟು ಊಟದ ಹೊತ್ತಿಗಷ್ಟೇ ಕೊಡುತ್ತಾಳಂತೆ. ನನಗೆ ಎಲ್ಲ ಅರ್ಥವಾಗುತ್ತದೆ. ಬೇರೆ ಯಾರಿಗೂ ಆಗುವುದಿಲ್ಲ.

ನಿನ್ನೆ ಆ ಪ್ರಶಸ್ತಿ ಸಮಾರಂಭದ ಮರುಪ್ರಸಾರವಿತ್ತು. ಚಿಕ್ಕದು ಮಾಡಿದ್ದರು. ಆ ನಟಿ ವೇದಿಕೆಗೆ ಬಂದಳು ಎಂದು ಹೇಳಿದೆ.

“ಈಗ ಕಡ್ಡಿ ಬರ್ತಾಳೆ” ಎಂದಳು ಅಮ್ಮ. “ನೋಡ್ತಿರು. ಬಂದ್ಲಾ?”

ನೀನು ಬರಲಿಲ್ಲ. ನಿನ್ನ ಜಾಗದಲ್ಲಿ ಬೇರೆ ಯಾರೋ ಹುಡುಗಿಯ ಅಳು ಹಾಕಿದ್ದರು.

“ಬಂದ್ಲು” ಎಂದೆ.

“ಅಳ್ತಿದ್ದಾಳಾ?”

“ಇಲ್ಲಮ್ಮ. ನಗ್ತಿದ್ದಾಳೆ.”

ಆ ಕಡೆ ಅಮ್ಮನ ಮಂಚ ಕಿರುಗುಟ್ಟಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಅಷ್ಟು ಸಣ್ಣ ಸದ್ದೂ ಫೋನಿನೊಳಗೆ ಕೇಳಿಸುತ್ತದೆ.

“ಇಡಬೇಡ ಫೋನು” ಎಂದಳು ಆಮೇಲೆ. “ಮುಂದೆ ಹೇಳು.”

ಹೇಳಿದೆ.

ನಿನ್ನ,
ಅಕ್ಕ